ಶನಿವಾರ ಮಾಡಬೇಕಿದ್ದ ಫೋನು

ಹುಡುಗಿಯ ಅಪ್ಪ ಮೊದಲು ಅವಳ ಕೈಯಿಂದ ರ‍್ಯಾಕೆಟ್ ಕಿತ್ತು ಬೆಂಚಿನ ಕಡೆ ಎಸೆದ. ಆಮೇಲೆ ಅವಳನ್ನು ನೆಟ್ಟಿನ ಹತ್ತಿರ ನಿಲ್ಲಿಸಿ, ತಾನು ಆಚೆ ಬದಿಗೆ ಹೋಗಿ, ಬುಟ್ಟಿಯಿಂದ ಒಂದೊಂದೇ ಚೆಂಡು ತೆಗೆದು ಅವಳ ಮೈಗೆ ಹೊಡೆಯತೊಡಗಿದ. ಹೊಟ್ಟೆಗೆ, ತೊಡೆಗೆ, ಭುಜಕ್ಕೆ. ಇಬ್ಬರ ನಡುವೆ ಹತ್ತು ಹನ್ನೆರಡು ಅಡಿ ಇದ್ದಿರಬಹುದು. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಚೆಂಡು ಬಡಿದಾಗಲೆಲ್ಲ ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂಥ ಸದ್ದು ಬರುತ್ತಿತ್ತು. ಅವಳು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಆ ಏಟು ಲೆಕ್ಕಕ್ಕಿಲ್ಲ, ಇನ್ನೊಂದು ತಿನ್ನಬೇಕು ಎಂಬುದು ಅವರ ನಿಯಮವಂತೆ. ಅದು ನನಗೆ ಆಮೇಲೆ ಗೊತ್ತಾಯಿತು.

ನಾನು ಬೇಲಿಯ ಈಚೆ ಸ್ಟೀಲಿನ ಕಾಫಿ ಫ್ಲಾಸ್ಕು ಹಿಡಿದು ನಿಂತಿದ್ದೆ. ಅವರನ್ನು ಅಭ್ಯಾಸಕ್ಕೆ ಬಿಡಲು ಬಂದವಳು, ಕೆಲಸಕ್ಕೆ ಹೋಗುವ ಮುಂಚೆ ಐದು ನಿಮಿಷ ನೋಡೋಣವೆಂದು ನಿಂತಿದ್ದೆ. ಪಕ್ಕದ ಕೋರ್ಟಿನ ಇಬ್ಬರು ಹುಡುಗಿಯರು ಆಟ ನಿಲ್ಲಿಸಿ ನೋಡಿದರು, ಮತ್ತೆ ಆಡತೊಡಗಿದರು. ಅವರ ಕೋಚು ಫೋನಿನಲ್ಲಿ ಏನೋ ಓದುತ್ತಿದ್ದ. ಯಾರೂ ಏನೂ ಅನ್ನದಿದ್ದುದರಿಂದ ಇದೂ ಟೆನಿಸ್ಸಿನ ಯಾವುದೋ ತಾಲೀಮು ಇರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಹತ್ತೂವರೆಗೆ ನನಗೆ ಮೌಂಟನ್ ವ್ಯೂನ ಕ್ಲಿನಿಕ್ಕಿನಲ್ಲಿ ಪೇಷೆಂಟು ಇದ್ದರು.

ಅವರು ನಮ್ಮ ಮನೆಗೆ ಬಂದು ಆಗಿನ್ನೂ ಒಂದು ದಿನವಾಗಿತ್ತು. ಬೆಟ್ಟದ ಬುಡದಲ್ಲಿರುವ ಟೆನಿಸ್ ಕ್ಲಬ್ಬಿಗೆ ನನ್ನ ಗಂಡ ಶನಿವಾರ ಭಾನುವಾರ ಆಡಲು ಹೋಗುತ್ತಾನೆ. ಅಲ್ಲಿ ವರ್ಷಕ್ಕೊಮ್ಮೆ ವೃತ್ತಿಪರ ಹೆಂಗಸರ ಸಣ್ಣ ಟೂರ್ನಮೆಂಟು ನಡೆಯುತ್ತದೆ. ಟೀವಿಯಲ್ಲಿ ಬರುವಂಥ ಆಟಗಾರ್ತಿಯರಲ್ಲ, ಅಲ್ಲಿಗೆ ತಲುಪಲು ಒದ್ದಾಡುತ್ತಿರುವವರು. ಹೋಟೆಲಿನ ಬದಲು ಸದಸ್ಯರ ಮನೆಗಳಲ್ಲಿ ಉಳಿದುಕೊಳ್ಳುತ್ತಾರೆ. ಮಗ ಕಾಲೇಜಿಗೆ ಹೋದ ಮೇಲೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಬಿದ್ದಿತ್ತು. ಗಂಡ ಹೂಂ ಅಂದುಬಿಟ್ಟ. ರೊಮೇನಿಯಾದ ಹುಡುಗಿ, ಜೊತೆಗೆ ಅಪ್ಪ, ಅಪ್ಪನೇ ಕೋಚು ಎಂದು ಕ್ಲಬ್ಬಿನವರು ಇಮೇಲ್ ಕಳಿಸಿದ್ದರು.

ಹುಡುಗಿ ಎತ್ತರವಿರಲಿಲ್ಲ. ಅಗಲ ಭುಜ, ಬಿಗಿಯಾಗಿ ಹೆಣೆದ ಜಡೆ, ಬುಡದ ತನಕ ಕಚ್ಚಿಕೊಂಡ ಉಗುರುಗಳು. ಮಾತು ಕಡಿಮೆ. ಅಪ್ಪ ಒಂದು ಕಾಲಕ್ಕೆ ಹ್ಯಾಂಡ್‌ಬಾಲ್ ಆಡಿದವನು, ನಮ್ಮ ಬಾಗಿಲಿನಲ್ಲಿ ಸ್ವಲ್ಪ ತಲೆ ತಗ್ಗಿಸಿ ಒಳಗೆ ಬರುವಷ್ಟು ಉದ್ದ. ಊಟವಾದ ಮೇಲೆ ತನ್ನ ತಟ್ಟೆ ತಾನೇ ತೊಳೆಯುತ್ತಿದ್ದ. ನನ್ನ ಅತ್ತೆಗೆ ಕುರ್ಚಿ ಎಳೆದುಕೊಡುತ್ತಿದ್ದ. ಇಂಗ್ಲಿಷ್ ಅಷ್ಟಕ್ಕಷ್ಟೆ. ಮಗಳು ಐದು ವರ್ಷದವಳಿದ್ದಾಗ ಮನೆಯ ಹಿಂದಿನ ಗ್ಯಾರೇಜಿನ ಗೋಡೆಗೆ ಚೆಂಡು ಹೊಡೆಯಲು ಕಲಿಸಿದ್ದು, ಹನ್ನೆರಡಕ್ಕೆ ಶಾಲೆ ಬಿಡಿಸಿದ್ದು, ಹದಿನೈದರಿಂದ ಟರ್ಕಿ, ಈಜಿಪ್ಟು, ಟ್ಯುನೀಸಿಯಾ ಅಂತ ಸಣ್ಣ ಟೂರ್ನಮೆಂಟುಗಳಿಗೆ ಕರೆದುಕೊಂಡು ತಿರುಗಿದ್ದು, ಇದನ್ನೆಲ್ಲ ಮೊದಲ ದಿನದ ಊಟದ ಹೊತ್ತಿಗೆ ಹೆಮ್ಮೆಯಿಂದ ಹೇಳಿದ. ಹುಡುಗಿ ತಟ್ಟೆ ನೋಡುತ್ತಾ ಕೂತಿದ್ದಳು.

ಧಾರವಾಡದಿಂದ ಬಂದಿದ್ದ ನನ್ನ ಅತ್ತೆ ಆ ವರ್ಷ ನಮ್ಮ ಜೊತೆಗಿದ್ದರು. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವರು. ಶುಕ್ರವಾರ ಸಂಜೆ ನಾನು ಚಪಾತಿ ಲಟ್ಟಿಸುತ್ತಿದ್ದಾಗ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು: "ಆ ಹುಡುಗಿ ಕುರ್ಚಿಗೆ ಬೆನ್ನು ಹಚ್ಚಿ ಕೂಡವಲ್ಲಳು, ನೋಡಿದೇನು?"

"ಪ್ರಾಕ್ಟೀಸ್ ಮಾಡಿ ಸುಸ್ತಾಗಿರತ್ತೆ, ಅತ್ತೆ."

"ಅಪ್ಪ ಒಳಗ ಬಂದ ಕೂಡಲೇ ಆಕಿ ಕೈ ಎಲ್ಲಿಗೆ ಹೋಗತಾವ ನೋಡು. ಮಾರಿ ಮುಂದ ಬರತಾವ. ಸಾಲ್ಯಾಗ ನಾನೂ ಹುಡುಗರನ್ನ ಹೊಡದೀನವಾ. ಹೊಡಸಿಕೊಂಡವರು ಹೆಂಗ ಕೂಡತಾರ ಅಂತ ನನಗ ಗೊತ್ತೈತಿ."

ನಾನು ಬೆಳಗ್ಗೆ ನೋಡಿದ್ದನ್ನು ಅವರಿಗೆ ಹೇಳಲಿಲ್ಲ.

ಶನಿವಾರ ಸಂಜೆ ಹುಡುಗಿ ತಾನಾಗಿಯೇ ನನ್ನ ಬಳಿ ಬಂದಳು. ನಾನು ಫಿಸಿಯೋಥೆರಪಿಸ್ಟ್ ಅಂತ ಅವಳಿಗೆ ಗೊತ್ತಿತ್ತು. ಸರ್ವ್ ಮಾಡುವಾಗ ಬಲಭುಜ ಹಿಡಿಯುತ್ತಿದೆ, ಟೇಪ್ ಹಾಕಿ ಕೊಡುತ್ತೀರಾ ಎಂದು ಕೇಳಿದಳು. ಅಪ್ಪ ನನ್ನ ಗಂಡನ ಜೊತೆ ಗ್ರೋಸರಿ ತರಲು ಹೋಗಿದ್ದ. ಅವಳು ಮಗನ ಕೋಣೆಯ ಮಂಚದ ಮೇಲೆ ನನಗೆ ಬೆನ್ನು ಮಾಡಿ ಕೂತು ಟೀ ಶರ್ಟನ್ನು ಭುಜದ ತನಕ ಎತ್ತಿದಳು.

ಮೈ ಕಂದಿದ ಗಾಯಗಳನ್ನು ನೋಡುವುದು ನನ್ನ ಕಸುಬಿನ ಭಾಗ. ಹೊಸದಾದರೆ ಕೆಂಪು, ನೇರಳೆ. ನಾಲ್ಕೈದು ದಿನಕ್ಕೆ ಹಸಿರು. ಆಮೇಲೆ ಹಳದಿ. ಅವಳ ಪಕ್ಕೆಯಲ್ಲಿ ಈ ಎಲ್ಲ ಬಣ್ಣಗಳೂ ಇದ್ದವು, ಹೆಚ್ಚಿನವು ದುಂಡಗೆ. ಬೆನ್ನಿನ ಮೇಲೆ ಅಡ್ಡಕ್ಕೆ ಎರಡು ಉದ್ದನೆಯ ಬಾಸುಂಡೆಗಳಿದ್ದವು. ಅವು ದುಂಡಗಿರಲಿಲ್ಲ.

"ಇದೇನು?"

"ಚೆಂಡು."

"ಇದು?"

ಟೀ ಶರ್ಟಿನ ಅಂಚನ್ನು ಸ್ವಲ್ಪ ಕೆಳಗೆ ಎಳೆದು, "ಅದೂ ಚೆಂಡೇ" ಅಂದಳು.

ನಾನು ಅವಳ ವಯಸ್ಸು ಕೇಳಿದೆ. ಹದಿನೇಳು ವರ್ಷ, ಹತ್ತು ತಿಂಗಳು. ನನ್ನ ಕೈಯಲ್ಲಿದ್ದ ಟೇಪು ಅಲ್ಲೇ ನಿಂತಿತು. ಕ್ಯಾಲಿಫೋರ್ನಿಯಾದಲ್ಲಿ ನನ್ನಂಥವರಿಗೆ ಲೈಸೆನ್ಸ್ ಕೊಡುವಾಗಲೇ ಬರೆಸಿಕೊಳ್ಳುತ್ತಾರೆ: ಹದಿನೆಂಟು ತುಂಬದವರ ಮೈಮೇಲೆ ಹೊಡೆತದ ಗುರುತು ಕಂಡರೆ ಕೂಡಲೇ ಮಕ್ಕಳ ರಕ್ಷಣೆಯ ಇಲಾಖೆಗೆ ಫೋನ್ ಮಾಡಿ ತಿಳಿಸಬೇಕು. ಯೋಚಿಸುವ ಹಕ್ಕು ನಮಗಿಲ್ಲ. ನಾನು ಅದನ್ನು ಅವಳಿಗೆ ಹೇಳಿದೆ.

ಅವಳು ತಿರುಗಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಿಡಿತ ಎಷ್ಟು ಬಲವಾಗಿತ್ತೆಂದರೆ ಮರುದಿನ ನನ್ನ ಕೈಯಲ್ಲೂ ನಾಲ್ಕು ಬೆರಳ ಗುರುತಿತ್ತು. ತಡವರಿಸುವ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ನಾಳೆ, ನಾಡಿದ್ದು ಅರ್ಹತಾ ಸುತ್ತಿನ ಎರಡು ಪಂದ್ಯ. ಎರಡೂ ಗೆದ್ದು, ಮುಖ್ಯ ಸುತ್ತಿನಲ್ಲಿ ಒಂದೇ ಒಂದು ಪಂದ್ಯ ಗೆದ್ದರೆ ಬೇಕಾದಷ್ಟು ಅಂಕ ಆಗುತ್ತದೆ. ಅಷ್ಟಾದರೆ ಅವಳ ದೇಶದ ರಾಜಧಾನಿಯ ಒಂದು ತರಬೇತಿ ಕೇಂದ್ರ ಅವಳನ್ನು ಸೇರಿಸಿಕೊಳ್ಳುತ್ತದೆ. ಅಲ್ಲಿ ಹಾಸ್ಟೆಲ್ಲು ಇದೆ. ಅಪ್ಪಂದಿರಿಗೆ ಅಲ್ಲಿ ಪ್ರವೇಶವಿಲ್ಲ.

"ಎರಡು ವರ್ಷದಿಂದ ಇದಕ್ಕಾಗಿ ಆಡ್ತಾ ಇದೀನಿ. ನೀವು ಫೋನ್ ಮಾಡಿದ್ರೆ ಪೊಲೀಸ್ ಬರ್ತಾರೆ, ಮ್ಯಾಚ್ ಇರಲ್ಲ. ಬುಧವಾರದ ತನಕ ಸುಮ್ನಿರಿ. ನಾಲ್ಕು ದಿನ. ನನಗೆ ಅಭ್ಯಾಸ ಇದೆ."

ಗಂಡ ವಾಪಸು ಬಂದ ಮೇಲೆ ಅವನನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದೆ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಮಾಡು. ಈಗ್ಲೇ ಮಾಡು ಫೋನು."

"ಅವಳ ಟೂರ್ನಮೆಂಟು?"

"ಟೂರ್ನಮೆಂಟು ಇನ್ನೊಂದು ಬರತ್ತೆ. ನೀನು ಮಾಡ್ದೆ ಇದ್ರೆ ನಿನ್ನ ಲೈಸೆನ್ಸು ಹೋಗತ್ತೆ, ಅದು ಬೇರೆ. ನಮ್ಮ ಮನೇಲಿ ಇದಾರೆ ಅವ್ರು."

ಅವನು ಹೇಳಿದ್ದು ಸರಿ. ನಾನು ಫೋನ್ ಕೈಗೆ ತೆಗೆದುಕೊಂಡೆ. ಅಡುಗೆಮನೆಯ ಕಿಟಕಿಯಿಂದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಫೋನ್ ಕೆಳಗಿಟ್ಟೆ. ಅವಳ ಮಾತಿಗೆ ಬೆಲೆ ಕೊಡುತ್ತಿದ್ದೇನೆ, ಅವಳ ಬದುಕಿನ ಬಗ್ಗೆ ಅವಳಿಗೇ ಹೆಚ್ಚು ಗೊತ್ತು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಆದರೆ ನನ್ನ ಮನೆಯ ಬಾಗಿಲಿಗೆ ಪೊಲೀಸ್ ಕಾರು ಬರುವುದು ನನಗೆ ಬೇಡವಾಗಿತ್ತು ಎಂಬುದೂ ಅಷ್ಟೇ ನಿಜ.

ಭಾನುವಾರ ಕ್ಲಿನಿಕ್ಕಿಗೆ ರಜೆ. ಅವಳ ಪಂದ್ಯ ನೋಡಲು ಹೋದೆ. ಟೆನಿಸ್ ಸೌಮ್ಯವಾದ ಆಟ ಎಂದುಕೊಂಡಿದ್ದವಳು ನಾನು. ಅವಳು ಆಡಿದ್ದು ಹೊಡೆದಾಟ. ಸರ್ವ್ ಮಾಡುವಾಗ ಗಂಟಲಿನ ಆಳದಿಂದ ಒಂದು ಕೂಗು ಬರುತ್ತಿತ್ತು. ಒಂದು ಪಾಯಿಂಟ್ ಕಳೆದುಕೊಂಡರೆ ರ‍್ಯಾಕೆಟ್ಟಿನ ಅಂಚಿನಿಂದ ತನ್ನ ಮೊಣಕಾಲಿಗೇ ಬಾರಿಸಿಕೊಳ್ಳುತ್ತಿದ್ದಳು, ರಕ್ತ ಬರುವಷ್ಟು. ಎದುರಾಳಿ ಇಲ್ಲಿಯದೇ ಕಾಲೇಜಿನ ಹುಡುಗಿ, ನಗುಮುಖದವಳು. ಎರಡನೆಯ ಸೆಟ್ಟಿನಲ್ಲಿ ಆ ಹುಡುಗಿ ನೆಟ್ಟಿನ ಹತ್ತಿರ ಬಂದಾಗ ಇವಳ ಎದುರಿಗೆ ಇಡೀ ಕೋರ್ಟು ಖಾಲಿಯಿತ್ತು. ಇವಳು ನೇರ ಮುಖಕ್ಕೆ ಹೊಡೆದಳು. ಆ ಹುಡುಗಿ ಕುಸಿದು ಮಂಡಿಯೂರಿ ಕೂತಳು. ಮೂಗಿನಿಂದ ರಕ್ತ ಇಳಿದು ಬಿಳಿಯ ಸ್ಕರ್ಟಿನ ಮೇಲೆ ಬಿತ್ತು.

ಇಂಥ ಹೊತ್ತಿನಲ್ಲಿ ಕೈಯೆತ್ತಿ ಕ್ಷಮೆ ಕೇಳುವುದು ಆಟದ ರೂಢಿ. ಇವಳು ಬೆನ್ನು ತಿರುಗಿಸಿ ನಡೆದು ಟವೆಲಿನಿಂದ ಮುಖ ಒರೆಸಿಕೊಂಡಳು. ಬೇಲಿಯ ಹತ್ತಿರ ನಿಂತಿದ್ದ ಅಪ್ಪ ತಲೆಯಾಡಿಸಿದ. ನಾನು ಕ್ಲಬ್ಬಿಗೆ ಹೋದ ಮೂರು ದಿನದಲ್ಲಿ ಅವನು ಅವಳನ್ನು ಮೆಚ್ಚಿದ್ದನ್ನು ನೋಡಿದ್ದು ಅದೊಂದೇ ಸಲ.

ಗೆದ್ದಳು. ಸೋಮವಾರವೂ ಗೆದ್ದಳಂತೆ. ಆ ಎರಡು ಸಂಜೆ ಅಪ್ಪ ನಗುತ್ತಿದ್ದ, ಮಂಗಳವಾರವೂ ಮನೆ ಶಾಂತವಾಗಿತ್ತು. ನಾನು ಮಾಡಿದ್ದು ಸರಿಯೆಂದು ನಂಬತೊಡಗಿದೆ.

ಬುಧವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಕ್ಲಬ್ಬಿಗೆ ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು, ಸುತ್ತಲಿನ ಗುಡ್ಡಗಳ ಹುಲ್ಲು ಒಣಗಿ ಹಳದಿಯಾಗಿತ್ತು. ಎದುರಾಳಿ ಇವಳಿಗಿಂತ ಹತ್ತು ವರ್ಷ ದೊಡ್ಡವಳು, ಅನುಭವಸ್ಥೆ. ಮೊದಲ ಸೆಟ್ ಇವಳು ಗೆದ್ದಳು. ಎರಡನೆಯದು ಹೋಯಿತು. ಮೂರನೆಯದರಲ್ಲಿ ಐದು–ನಾಲ್ಕು, ಇವಳದೇ ಸರ್ವ್, ಪಂದ್ಯ ಗೆಲ್ಲಲು ಎರಡೇ ಪಾಯಿಂಟ್ ಬೇಕಿತ್ತು. ಅಪ್ಪ ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ಅವರ ಭಾಷೆಯಲ್ಲಿ ಏನೋ ಒಂದು ಪದ ಅಂದ. ಕೂಗಲಿಲ್ಲ, ಮೆಲ್ಲಗೆ ಅಂದ. ಅವಳು ಅವನ ಕಡೆ ನೋಡಿದಳು. ಆಮೇಲೆ ಸರ್ವ್ ಮಾಡಿದ ಎರಡು ಚೆಂಡೂ ನೆಟ್ಟಿಗೆ ಹೋದವು. ಅದರ ನಂತರವೂ ಹಾಗೆಯೇ. ಕೈ ಮರದ ಕೊರಡಿನಂತಾಗಿಬಿಟ್ಟಿತ್ತು. ಇಪ್ಪತ್ತು ನಿಮಿಷದಲ್ಲಿ ಸೋತಳು. ಎದುರಾಳಿಯ ಕೈಕುಲುಕಿ, ಬ್ಯಾಗು ಹೆಗಲಿಗೆ ಹಾಕಿಕೊಂಡು, ಯಾರನ್ನೂ ನೋಡದೆ ಪಾರ್ಕಿಂಗ್ ಲಾಟಿನ ಕಡೆ ನಡೆದಳು. ಅಪ್ಪ ಹಿಂದೆ ಹೋದ. ನಾನು ಅವನ ಹಿಂದೆ ಹೋದೆ.

ನೀಲಗಿರಿ ಮರಗಳ ಸಾಲಿನ ಕೆಳಗೆ ನನ್ನ ಕಾರಿತ್ತು. ನಾನು ಮೂಲೆ ತಿರುಗುವಷ್ಟರಲ್ಲಿ ಅವನು ಅವಳ ಬ್ಯಾಗಿನಿಂದ ರ‍್ಯಾಕೆಟ್ ಎಳೆದಿದ್ದ. ಮೊದಲ ಏಟು ಬೆನ್ನಿಗೆ ಬಿತ್ತು. ಅವಳು ಕಾರಿಗೆ ಒರಗಿ ತಿರುಗಿದಳು. ಎರಡನೆಯದು ತಲೆಗೆ ಬರುತ್ತಿತ್ತು, ಎಡಗೈ ಅಡ್ಡ ಹಿಡಿದಳು. ಒಣ ಕಡ್ಡಿ ಮುರಿದಂಥ ಸದ್ದು ನನಗೆ ಅಷ್ಟು ದೂರಕ್ಕೂ ಕೇಳಿಸಿತು. ಅವಳು ಕಿರುಚಲಿಲ್ಲ. ಅವನು ಮತ್ತೆ ಎತ್ತಿದ.

ನಾನು ಓಡಿ ನಡುವೆ ನುಗ್ಗಿದೆ. ಏಟು ನನ್ನ ಕಿವಿಯ ಮೇಲೆ ಜಾರಿ ಭುಜಕ್ಕೆ ಬಿತ್ತು. ಕಣ್ಣಿಗೆ ಬೆಳ್ಳಗೆ ಕವಿದುಕೊಂಡಿತು. ನನ್ನ ಕೈಯಲ್ಲಿ ಫ್ಲಾಸ್ಕಿತ್ತು. ಅದನ್ನು ಬೀಸಿ ಅವನ ಬಾಯಿಗೆ ಹೊಡೆದೆ. ಅವನ ತುಟಿ ಸೀಳಿತು, ಒಂದು ಹಲ್ಲು ಮುರಿಯಿತು. ಅವನು ಹಿಂದಕ್ಕೆ ಸರಿದ. ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಇನ್ನೊಮ್ಮೆ ಹೊಡೆದೆ, ಕಪಾಳಕ್ಕೆ, ಮತ್ತೊಮ್ಮೆ, ಅವನು ರ‍್ಯಾಕೆಟ್ ಕೈಬಿಟ್ಟ ಮೇಲೂ. ಹುಟ್ಟಿದ ಮೇಲೆ ಯಾರ ಮೇಲೂ ಕೈ ಎತ್ತಿದವಳಲ್ಲ ನಾನು. ಆ ಕ್ಷಣ ನನಗೆ ಹಿತವಾಗಿತ್ತು ಎಂಬುದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ನನ್ನನ್ನು ತಡೆದದ್ದು ಆ ಹುಡುಗಿ. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ನನ್ನ ಕೂದಲು ಹಿಡಿದು ಹಿಂದಕ್ಕೆ ಎಳೆದಳು. ಅವಳ ಭಾಷೆಯಲ್ಲಿ ಏನೇನೋ ಅರಚುತ್ತಾ ನನ್ನ ಬೆನ್ನಿಗೆ ಗುದ್ದಿದಳು. ಅಪ್ಪ ಟಾರಿನ ಮೇಲೆ ಕುಕ್ಕರಿಸಿ, ಬಾಯಿಂದ ರಕ್ತ ಸುರಿಸುತ್ತಾ ಅಳುತ್ತಿದ್ದ. "ಎರಡು ಪಾಯಿಂಟು," ಎನ್ನುತ್ತಿದ್ದ ಇಂಗ್ಲಿಷಿನಲ್ಲಿ, "ಎರಡೇ ಪಾಯಿಂಟು." ಅಷ್ಟರಲ್ಲಿ ಜನ ಸೇರಿದ್ದರು. ಯಾರೋ ಪೊಲೀಸರಿಗೆ ಫೋನ್ ಮಾಡಿದ್ದರು. ಆ ಫೋನು ನನ್ನದಾಗಿರಲಿಲ್ಲ.

ಅವನಿಗೆ ಬೇಡಿ ಹಾಕಿ ಕರೆದೊಯ್ದರು. ನನ್ನನ್ನೂ ಒಂದು ಗಂಟೆ ಪ್ರಶ್ನೆ ಕೇಳಿ ಬಿಟ್ಟರು.

ಹುಡುಗಿಯ ಮುಂಗೈಯ ಎರಡು ಮೂಳೆಗಳಲ್ಲಿ ಕಿರುಬೆರಳಿನ ಕಡೆಯದು ಮುರಿದಿತ್ತು. ತಲೆಗೆ ಬರುವ ಏಟನ್ನು ತಡೆಯಲು ಕೈ ಎತ್ತಿದವರಿಗೆ ಮುರಿಯುವುದು ಅದೇ ಮೂಳೆ. ತುಂಡುಗಳು ಜರುಗಿದ್ದರಿಂದ ಆಪರೇಷನ್ ಮಾಡಿ ಪ್ಲೇಟು ಕೂರಿಸಿದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಮಕ್ಕಳ ರಕ್ಷಣೆಯ ಇಲಾಖೆಯಿಂದ ಬಂದ ಹೆಂಗಸು ನನ್ನ ಪಕ್ಕ ಕೂತು ಕೇಳಿದಳು: "ನೀವು ಗಾಯಗಳನ್ನು ಮೊದಲು ನೋಡಿದ್ದು ಯಾವಾಗ?"

"ಶನಿವಾರ."

"ಇವತ್ತು ಬುಧವಾರ."

"ಹೌದು."

ಅವಳು ಬರೆದುಕೊಂಡಳು. ಬೈಯಲಿಲ್ಲ. ಮರುದಿನ ನಾನೇ ಕ್ಲಿನಿಕ್ಕಿನ ಮೇಲಿನವರಿಗೆ ಹೋಗಿ ತಿಳಿಸಿದೆ. ಕೆಲವು ತಿಂಗಳು ವಿಚಾರಣೆ ನಡೆದು ಲಿಖಿತ ಎಚ್ಚರಿಕೆಯೊಂದಿಗೆ ಮುಗಿಯಿತು. ಹುಡುಗಿ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಇಲಾಖೆಯವರು ಅವಳನ್ನು ಇಲ್ಲಿಗೆ ಹತ್ತಿರದ ಡಬ್ಲಿನ್ ಎಂಬ ಊರಿನ ಕಡೆಯ ಒಂದು ಮನೆಯಲ್ಲಿರಿಸಿದ್ದರು. ಮಗನ ಕೋಣೆಯಲ್ಲಿ ಉಳಿದಿದ್ದ ಅವಳ ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬಿದ್ದು ಅತ್ತೆ.

"ನೀ ಹೇಳಲಿಲ್ಲ," ಅಂದರು ಅವರು, ಕೈಯಲ್ಲಿದ್ದ ಸಾಕ್ಸು ನೋಡುತ್ತಾ. "ನಾನೂ ಹೇಳಲಿಲ್ಲ. ಇಂಗ್ಲಿಷ್ ಬರೂದಿಲ್ಲ ಅನ್ನೂದು ನನಗೊಂದು ನೆವ ಆತು."

ಹುಡುಗಿಯ ತಾಯಿ ಇಟಲಿಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳಂತೆ. ಗಂಡನನ್ನು ಬಿಟ್ಟು ಹೋಗಿ ಏಳು ವರ್ಷವಾಗಿತ್ತು, ಮಗಳನ್ನು ಮಾತ್ರ ಜೊತೆಗೆ ಕರೆದೊಯ್ಯಲು ಅವನು ಬಿಟ್ಟಿರಲಿಲ್ಲ. ಎರಡು ವಾರದ ನಂತರ ಬಂದಳು. ನನ್ನನ್ನು ನೋಡಲು ಒಪ್ಪಲಿಲ್ಲ. ಮಗಳನ್ನು ಕರೆದುಕೊಂಡು ಹೊರಟುಹೋದಳು. ತರಬೇತಿ ಕೇಂದ್ರದ ಮಾತು ಅಲ್ಲಿಗೆ ಮುಗಿಯಿತು. ಅಪ್ಪ ಕೆಲವು ತಿಂಗಳು ಇಲ್ಲಿಯ ಜೈಲಿನಲ್ಲಿದ್ದ, ಆಮೇಲೆ ಅವನನ್ನು ಅವನ ದೇಶಕ್ಕೆ ಕಳಿಸಿದರು.

ಒಂದೂವರೆ ವರ್ಷ ಅವಳ ಹೆಸರು ಎಲ್ಲೂ ಕಾಣಲಿಲ್ಲ. ಸಣ್ಣ ಟೂರ್ನಮೆಂಟುಗಳ ಸ್ಕೋರು ತೋರಿಸುವ ಆ್ಯಪನ್ನು ಫೋನಿಗೆ ಹಾಕಿಕೊಂಡು, ಪೇಷೆಂಟು ಪೇಷೆಂಟಿನ ನಡುವೆ ನೋಡುತ್ತಿದ್ದೆ. ಒಂದು ಬೆಳಗ್ಗೆ ಇಟಲಿಯ ಯಾವುದೋ ಊರಿನ ಪಟ್ಟಿಯಲ್ಲಿ ಕಂಡಳು. ಮೊದಲ ಸುತ್ತಿನಲ್ಲೇ ಸೋತಿದ್ದಳು, ಒಂದೂ ಸೆಟ್ ಗೆಲ್ಲದೆ. ಮುಂದಿನ ವಾರವೂ ಸೋತಳು. ಹೀಗೆ ಹನ್ನೊಂದು ಸೋಲುಗಳಾದ ಮೇಲೆ ಟ್ಯುನೀಸಿಯಾದಲ್ಲಿ ಒಂದು ಪಂದ್ಯ ಗೆದ್ದಳು. ನಾನು ಕ್ಲಿನಿಕ್ಕಿನ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಕೂತೆ.

ಈ ನಡುವೆ ನಾನು ಎರಡು ಸಲ ಇಲಾಖೆಗೆ ಫೋನ್ ಮಾಡಿದ್ದೇನೆ, ಎರಡೂ ಸಲ ಗುರುತು ಕಂಡ ಗಂಟೆಯೊಳಗೆ. ಒಂದು ಸಲ ನನ್ನ ಸಂಶಯ ತಪ್ಪಾಗಿತ್ತು. ಆ ಮಗುವಿಗೆ ರಕ್ತದ ಕಾಯಿಲೆಯಿತ್ತು, ಮುಟ್ಟಿದರೆ ಮೈ ಕಂದುತ್ತಿತ್ತು. ಅದರ ತಾಯಿ, ನಮ್ಮ ಮೈಸೂರಿನ ಕಡೆಯವಳೇ, ಈಗ ದೇವಸ್ಥಾನದಲ್ಲಿ ಎದುರಾದರೆ ಮುಖ ತಿರುಗಿಸುತ್ತಾಳೆ. ಅವಳನ್ನು ನಾನು ದೂರುವುದಿಲ್ಲ.

ಮೂರನೆಯ ವರ್ಷ ಹುಡುಗಿ ಅದೇ ಕ್ಲಬ್ಬಿನ ಟೂರ್ನಮೆಂಟಿಗೆ ಬಂದಳು. ಈ ಸಲ ಅರ್ಹತಾ ಸುತ್ತು ಆಡಬೇಕಿರಲಿಲ್ಲ, ನೇರ ಮುಖ್ಯ ಸುತ್ತಿಗೆ. ಇನ್ನು ಮೂವರು ಆಟಗಾರ್ತಿಯರ ಜೊತೆ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಇದ್ದಳು. ನಾನು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಅವಳ ಆಟ ಬದಲಾಗಿತ್ತು. ಎಡಗೈ ಮೊದಲಿನಷ್ಟು ತಿರುಗದ ಕಾರಣ ಎರಡು ಕೈಯ ಬ್ಯಾಕ್‌ಹ್ಯಾಂಡ್ ಬಿಟ್ಟು ಒಂದೇ ಕೈಯಿಂದ ಚೆಂಡನ್ನು ಸೀಳಿ ತಗ್ಗಿನಲ್ಲಿ ಕಳಿಸುವುದನ್ನು ಕಲಿತಿದ್ದಳು. ಹೊಡೆತದಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಯಾವಾಗ ಹೊಡೆಯಬೇಕೆಂದು ಅವಳೇ ತೀರ್ಮಾನಿಸುತ್ತಿದ್ದಳು. ಗೆದ್ದಳು.

ಪಂದ್ಯ ಮುಗಿದ ಮೇಲೆ ನೇರ ನನ್ನ ಬಳಿಗೆ ಬಂದು ಪಕ್ಕದಲ್ಲಿ ಕೂತಳು. ಇಂಗ್ಲಿಷ್ ಈಗ ಸರಾಗ, ಸ್ವಲ್ಪ ಇಟಲಿಯ ರಾಗ ಸೇರಿತ್ತು. ನಾನು ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದ ಮಾತು ಹೇಳಿದೆ: ನೀನು ಕೇಳಿಕೊಂಡೆ ಅಂತ ಸುಮ್ಮನಿದ್ದೆ, ನನ್ನದು ತಪ್ಪಾಯಿತು.

"ನನಗೆ ಆಗ ಹದಿನೇಳು," ಅಂದಳು. "ಏನು ಬೇಕಾದ್ರೂ ಕೇಳ್ತಿದ್ದೆ. ನಿಮಗೆಷ್ಟಾಗಿತ್ತು?"

"ನಲವತ್ತಾರು."

ಅವಳು ತಲೆಯಾಡಿಸಿದಳು. ನೀರಿನ ಬಾಟಲಿಯ ಮುಚ್ಚಳ ತೆಗೆದು ಕುಡಿದಳು. "ನೀವು ಶನಿವಾರ ಫೋನ್ ಮಾಡಿದ್ರೆ ನಿಮ್ಮನ್ನ ಯಾವತ್ತೂ ಕ್ಷಮಿಸ್ತಿರ್ಲಿಲ್ಲ. ಅದೂ ನಿಜ. ಆದ್ರೂ ಮಾಡಬೇಕಿತ್ತು."

"ಹೌದು."

"ಅವನು ಈಗ ಊರಲ್ಲಿದ್ದಾನೆ. ನನ್ನ ಸ್ಕೋರ್ ನೋಡ್ತಾನೆ. ಸೋತ ದಿನ ಮೆಸೇಜ್ ಬರತ್ತೆ, ಉದ್ದುದ್ದ. ನಾನು ಓದಲ್ಲ. ಅಮ್ಮ ಓದಿ ಅಳಿಸಿಬಿಡ್ತಾಳೆ."

ನಾಳೆ ಹನ್ನೊಂದಕ್ಕೆ ನನ್ನ ಪಂದ್ಯ, ಬೇಕಿದ್ದರೆ ಬನ್ನಿ ಎಂದು ಹೇಳಿ ಎದ್ದಳು.

ಹೋದೆ. ಎರಡನೆಯ ಸುತ್ತಿನಲ್ಲಿ ಸೋತಳು, ಮೂರು ಸೆಟ್ ಆಡಿ. ಸೋತ ಮೇಲೆ ಬೆಂಚಿನ ಮೇಲೆ ಕೂತು, ಬೂಟು ಬಿಚ್ಚಿ, ಕಾಲ್ಬೆರಳಿಗೆ ಸುತ್ತಿದ್ದ ಪ್ಲಾಸ್ಟರನ್ನು ಕಿತ್ತು ಹೊಸದು ಹಾಕಿಕೊಂಡಳು. ಅರ್ಧ ಬಾಳೆಹಣ್ಣು ತಿಂದಳು. ಡಬಲ್ಸ್ ಜೊತೆಗಾತಿ ಬೇಲಿಯಾಚೆಯಿಂದ ಕರೆದು ಗಡಿಯಾರ ತೋರಿಸಿದಳು. ಇನ್ನರ್ಧ ಗಂಟೆಯಲ್ಲಿ ಅವರ ಡಬಲ್ಸ್ ಪಂದ್ಯವಿತ್ತು. ಅವಳು ಉಳಿದ ಹಣ್ಣನ್ನು ಬಾಯಿಗೆ ತುರುಕಿಕೊಂಡು, ಲೇಸು ಬಿಗಿದು, ನಾಲ್ಕನೆಯ ಕೋರ್ಟಿನ ಕಡೆ ಓಡಿದಳು.